ಎಡಗಡೆ ಹಿಂದಿನ ಚಕ್ರದ ನಟ್ಟು

ದಸರಾ ರಜೆಯಲ್ಲಿ ನೋಡಿದ ಊರಿನ ಬಗ್ಗೆ ಗೋಡೆ ಪತ್ರಿಕೆಗೆ ಬರೆದು ಕೊಡಿ ಎಂದು ಮೇಷ್ಟ್ರು ಹೇಳಿದ್ದರು. ನಾನು ಯಾವ ಊರನ್ನೂ ನೋಡಲಿಲ್ಲ. ಮೈಸೂರಿಗೂ ಹೋಗಲಿಲ್ಲ, ಜೋಗಕ್ಕೂ ಹೋಗಲಿಲ್ಲ. ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ರಜೆ ಮುಗಿದುಹೋಯಿತು. ಅದರಲ್ಲೂ ಎರಡು ದಿನ ಒಂದೇ ಒಂದು ನಟ್ಟಿನ ಮುಂದೆ ಕೂತಿದ್ದೆ. "ಅದನ್ನೇ ಬರೀಲಾ ಸಾರ್" ಎಂದು ಕೇಳಿದೆ. ಮೇಷ್ಟ್ರು ನಕ್ಕು, "ಬರಿ, ಆದ್ರೆ ಓದಿದವರಿಗೆ ನಟ್ಟು ಬಿಚ್ಚೋಕೆ ಬರೋ ಹಾಗೆ ಬರಿ" ಎಂದರು. ಅದಕ್ಕೆ ಸ್ವಲ್ಪ ಉದ್ದವಾಗಿದೆ. ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮ ಜೀಪು ನಿಮಗೆಲ್ಲ ಗೊತ್ತು. ಬಿಸಿಯೂಟದ ಅಕ್ಕಿ ಮೂಟೆ ಹೊತ್ತು ತರುವ, ಮೂತಿ ಎತ್ತರವಾಗಿರುವ ಹಸಿರು ಜೀಪು. ಮಳೆಗಾಲದಲ್ಲಿ ಹಳ್ಳ ದಾಟಿ ಆಟೋ ಬರುವುದಿಲ್ಲ. ಆಗ ಹೆರಿಗೆಗೆ ಹೋಗಬೇಕಾದವರು, ಹಾವು ಕಚ್ಚಿಸಿಕೊಂಡವರು ಎಲ್ಲರೂ ರಾತ್ರಿ ನಮ್ಮ ಅಂಗಳಕ್ಕೇ ಬಂದು ಕೂಗುತ್ತಾರೆ. ಅದು ಮಹೀಂದ್ರ ಕಂಪನಿಯ 1974ನೇ ಮಾಡೆಲ್. ಆದರೆ ಅದರ ಮೂಲ ಅಮೆರಿಕದ ವಿಲ್ಲೀಸ್ ಜೀಪು. ಎರಡನೇ ಮಹಾಯುದ್ಧದಲ್ಲಿ ಓಡಾಡಿದ ಜೀಪಿನ ವಂಶವೇ ಇದು. 1953ರಲ್ಲಿ ವಿಲ್ಲೀಸಿನವರು ಹೊಸ ಎಂಜಿನ್ ಕೂರಿಸಿದರು. ಅದು ಎತ್ತರವಾಗಿದ್ದರಿಂದ ಬಾನೆಟ್ಟನ್ನೂ ಎತ್ತರ ಮಾಡಬೇಕಾಯಿತು. ಆ ಮಾದರಿಗೆ ಸಿ.ಜೆ. 3ಬಿ ಎಂದು ಹೆಸರು. ಅಮೆರಿಕದಲ್ಲಿ ಅದನ್ನು ಮಾಡುವುದು 1968ರಲ್ಲಿ ನಿಂತುಹೋಯಿತು. ನಮ್ಮ ದೇಶದಲ್ಲಿ ಮಹೀಂದ್ರದವರು ಆಮೇಲೂ ಮಾಡುತ್ತಲೇ ಇದ್ದರು. ನಮ್ಮ ಅಜ್ಜಯ್ಯ 1983ರಲ್ಲಿ ಕಾಫಿ ತೋಟದವರೊಬ್ಬರಿಂದ ಇದನ್ನು ಸೆಕೆಂಡ್ ಹ್ಯಾಂಡ್ ತಗೊಂಡರು. ಆಗುಂಬೆ ಘಾಟಿಯ 14 ತಿರುವುಗಳನ್ನು ಅಡಿಕೆ ಮೂಟೆ ಹೇರಿಕೊಂಡು ಎಷ್ಟು ಸಲ ಇಳಿದಿದ್ದಾರೋ ಅವರಿಗೇ ಲೆಕ್ಕ ಇಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ಕೆರೆ ಏರಿ ಇಳಿಯುವ ಕಡೆ ಅಪ್ಪ ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೇ ಹೋಗಿಬಿಟ್ಟಿತು. ನಾನು ಹಿಂದುಗಡೆ ಮೂಟೆ ಮೇಲೆ ಕೂತಿದ್ದೆ. ಹ್ಯಾಂಡ್ ಬ್ರೇಕು ಹಿಡಿಯುವುದನ್ನು ಬಿಟ್ಟು ಬಹಳ ವರ್ಷವಾಗಿದೆ. ಮುಂದೆ ದನ ಹೊಡೆದುಕೊಂಡು ಒಂದು ಸಣ್ಣ ಹುಡುಗಿ ಹೋಗ್ತಾ ಇತ್ತು. ಅಪ್ಪ ಗೇರ್ ಇಳಿಸಿ, ಜೀಪನ್ನು ಬಲಗಡೆ ದರೆಗೆ ಉಜ್ಜಿ ಉಜ್ಜಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಇಳಿದ ಮೇಲೆ ಅಪ್ಪ ದರೆ ಮೇಲೇ ಕೂತುಬಿಟ್ಟರು. ಬೀಡಿ ಹಚ್ಚಲು ಹೋದರೆ ಕಡ್ಡಿ ಹತ್ತಲಿಲ್ಲ, ಕೈ ಅಷ್ಟು ನಡುಗುತ್ತಿತ್ತು.

ಮನೆಗೆ ಬಂದು ಅಪ್ಪ ಹೇಳಿದ್ದು ಒಂದೇ ಮಾತು. "ಇದನ್ನ ಗುಜರಿಗೆ ಹಾಕೋಣ."

ಅಜ್ಜಯ್ಯನಿಗೆ ಹೋದ ವರ್ಷ ಲಕ್ವ ಹೊಡೆದು ಬಲಗೈ ಎತ್ತಲು ಆಗುವುದಿಲ್ಲ. ಮಾತೂ ನಿಧಾನ. ಊಟವನ್ನು ಎಡಗೈಯಲ್ಲಿ ಚಮಚ ಹಿಡಿದು ಮಾಡುತ್ತಾರೆ, ಯಾರಾದರೂ ನೋಡುತ್ತಿದ್ದರೆ ನಿಲ್ಲಿಸಿಬಿಡುತ್ತಾರೆ. ಅವರು ಜಗುಲಿಯಿಂದಲೇ, "ಬ್ರೇಕು ಹೋದ್ರೆ ಬ್ರೇಕು ಮಾಡ್ಸು. ಜೀಪು ಯಾಕೆ ಹಾಕ್ತೀಯ?" ಎಂದರು. ಪೇಟೆಯ ಗ್ಯಾರೇಜಿನವರಿಗೆ ಈ ಹಳೇ ಗಾಡಿ ಕಂಡರೆ ಅಸಡ್ಡೆ. ಮನೆಯಲ್ಲೇ ಮಾಡಬೇಕು. "ಮಾಡೋರು ಯಾರು ಅಪ್ಪಯ್ಯ? ನೀವಾ?" ಎಂದು ಅಪ್ಪ ಕೇಳಿದರು. ಅಜ್ಜಯ್ಯ ಸುಮ್ಮನಾದರು. ನನಗೆ ಏನನ್ನಿಸಿತೋ, "ನಾನು ಮಾಡ್ತೀನಿ, ಅಜ್ಜಯ್ಯ ಹೇಳಿಕೊಡ್ತಾರೆ" ಎಂದುಬಿಟ್ಟೆ. ಆಯುಧಪೂಜೆಯ ಒಳಗೆ ಆದರೆ ಆಯಿತು, ಇಲ್ಲದಿದ್ದರೆ ಗುಜರಿಯವನಿಗೆ ಫೋನ್ ಮಾಡುವುದು ಎಂದು ತೀರ್ಮಾನವಾಯಿತು.

ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಎಂದು ಅಜ್ಜಯ್ಯ ಮೊದಲು ಹೇಳಿಕೊಟ್ಟರು. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಸಣ್ಣ ಪೈಪುಗಳಲ್ಲಿ ನಾಲ್ಕೂ ಚಕ್ರಕ್ಕೆ ನುಗ್ಗುತ್ತದೆ. ಪ್ರತಿ ಚಕ್ರದ ಡ್ರಮ್ಮಿನೊಳಗೆ ಒಂದು ಚಿಕ್ಕ ಸಿಲಿಂಡರ್ ಇದೆ. ಅದು ಎರಡು ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಆಗ ಚಕ್ರ ನಿಲ್ಲುತ್ತದೆ. ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ ಪಾಸ್ಕಲನ ನಿಯಮ ಇದೇ. ಹಳೇ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕು ಹೋಯಿತು. ನಮ್ಮದು ಎಡಗಡೆ ಹಿಂದಿನ ಚಕ್ರದಲ್ಲಿ ಸೋರುತ್ತಿತ್ತು. ಟೈರಿನ ಒಳಮೈ ಒದ್ದೆ ಒದ್ದೆಯಾಗಿತ್ತು. ಆದರೂ ಬ್ರೇಕಿನ ಕೆಲಸ ಒಂದೇ ಕಡೆ ಮಾಡಬಾರದಂತೆ, ಎರಡೂ ಕಡೆ ಮಾಡದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಹಿಂದಿನ ಡ್ರಮ್ ಬಿಚ್ಚಬೇಕಾದರೆ ಚಕ್ರದ ಐದು ನಟ್ಟು ಬಿಚ್ಚಿದರೆ ಸಾಲದು. ಮಧ್ಯದಲ್ಲಿ ಆಕ್ಸಲಿನ ದೊಡ್ಡ ನಟ್ಟು ಇದೆ. ಆಕ್ಸಲಿನ ತುದಿ ಬುಗುರಿಯ ಹಾಗೆ ಚೂಪಾಗಿದೆ. ಹಬ್ಬಿನ ತೂತೂ ಅದೇ ಆಕಾರ. ನಟ್ಟು ಬಿಗಿದಷ್ಟೂ ಹಬ್ಬು ಆ ಚೂಪಿನ ಮೇಲೆ ಏರಿ ಏರಿ ಕಚ್ಚಿಕೊಳ್ಳುತ್ತದೆ. ನಡುವೆ ಒಂದು ಕೀ ಇದೆ ನಿಜ, ಆದರೆ ಇಡೀ ಗಾಡಿಯ ಭಾರ ಎಳೆಯುವುದಕ್ಕೆ ಆ ಸಣ್ಣ ಕೀ ಸಾಲದು, ಹಬ್ಬು ಕಚ್ಚಿಕೊಂಡಿದ್ದರೇ ತಡೆಯುವುದು. ಅದಕ್ಕೇ ಆ ನಟ್ಟನ್ನು ಅಷ್ಟು ಬಿಗಿ ಮಾಡಿರುತ್ತಾರೆ. ಮೇಲೆ ಕೋಟೆಯ ತೆನೆಯ ಹಾಗೆ ಕಚ್ಚುಗಳಿರುತ್ತವೆ. ಕಚ್ಚಿನ ಮೂಲಕ ಆಕ್ಸಲಿನ ತೂತಿಗೆ ಕಾಟರ್ ಪಿನ್ ಹಾಕಿ ಬಗ್ಗಿಸಿರುತ್ತಾರೆ, ನಟ್ಟು ತಾನಾಗಿ ತಿರುಗಬಾರದು ಎಂದು.

ಈ ನಟ್ಟನ್ನು ಚಕ್ರ ನೆಲದ ಮೇಲೆ ಇರುವಾಗಲೇ ಸಡಿಲ ಮಾಡಬೇಕು. ಜಾಕಿ ಹಾಕಿ ಎತ್ತಿದರೆ ನಟ್ಟಿನ ಜೊತೆ ಚಕ್ರವೂ ತಿರುಗುತ್ತದೆ, ಹಿಡಿಯೋಣ ಎಂದರೆ ಬ್ರೇಕೇ ಇಲ್ಲವಲ್ಲ! ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರಿನಲ್ಲಿ ಇಟ್ಟು, ಬಲಗಡೆ ನಟ್ಟಿಗೆ ಕೈ ಹಾಕಿದೆವು. ಬಾಕ್ಸ್ ಪಾನಾದ ಹಿಡಿಗೆ ನಾಲ್ಕು ಅಡಿ ನೀರಿನ ಪೈಪು ಸಿಕ್ಕಿಸಿ ಅಪ್ಪ ಒತ್ತಿದರು. ಎರಡು ಸಲ ಜಗ್ಗಿದ್ದಕ್ಕೆ ಬಂದುಬಿಟ್ಟಿತು. ಸನ್ನೆಕೋಲು ಉದ್ದವಾದಷ್ಟೂ ಬಲ ಹೆಚ್ಚು ಎಂದು ಆರನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ, ಅವತ್ತು ಕಣ್ಣಾರೆ ಕಂಡೆ.

ಎಡಗಡೆಗೆ ಬಂದಾಗ ಅಜ್ಜಯ್ಯ, "ಎಡಗಡೆ ಉಲ್ಟಾ ಥ್ರೆಡ್ಡು. ಗಡಿಯಾರ ತಿರುಗೋ ಕಡೆಗೆ ತಿರುಗಿಸಿ" ಎಂದರು. ನಮಗೆ ಅನುಮಾನವೇ ಬರಲಿಲ್ಲ. ಯಾಕೆಂದರೆ ನಮ್ಮ ಜೀಪಿನ ಎಡಗಡೆ ಚಕ್ರದ ಐದು ನಟ್ಟುಗಳು ನಿಜವಾಗಿಯೂ ಉಲ್ಟಾ. ಪಂಕ್ಚರ್ ಹಾಕುವ ಹೊಸ ಹುಡುಗರೆಲ್ಲ ಅಲ್ಲಿ ಬೇಸ್ತು ಬೀಳುತ್ತಾರೆ.

ಮೊದಲು ಕಾಟರ್ ಪಿನ್ನೇ ಬರಲಿಲ್ಲ. ತುಕ್ಕು ಹಿಡಿದು ತುಂಡಾಯಿತು. ಒಳಗೆ ಉಳಿದದ್ದನ್ನು ಮೊಳೆ ಇಟ್ಟು ಕುಟ್ಟಿ ಕುಟ್ಟಿ ನಾನೇ ತೆಗೆದೆ, ಅದಕ್ಕೇ ಒಂದು ಗಂಟೆ ಹೋಯಿತು. ಆಮೇಲೆ ಸೀಮೆಎಣ್ಣೆ ಬಿಟ್ಟು ಕಾದೆವು. ಪೈಪನ್ನು ಜೀಪಿನ ಹಿಂದಕ್ಕೆ ಚಾಚಿ ಅಪ್ಪ ಕೆಳಕ್ಕೆ ಒತ್ತಿದರು. ಆಗಲಿಲ್ಲ. ನಾನೂ ಪೈಪಿಗೆ ಜೋತುಬಿದ್ದೆ. ಆಗಲಿಲ್ಲ. ಮಧ್ಯಾಹ್ನ ಊಟ ಮಾಡಿ ಬಂದು ಇಬ್ಬರೂ ಮತ್ತೆ ಒತ್ತಿದಾಗ "ಕಟಕ್" ಎಂದು ಸದ್ದಾಗಿ ನಟ್ಟು ಒಂದು ಕೂದಲೆಳೆಯಷ್ಟು ತಿರುಗಿತು. ನಾನು ಕುಣಿದಾಡಿದೆ. ಅಮ್ಮನನ್ನು ಕರೆದು ತೋರಿಸಿದೆ. ಆಮೇಲೆ ಅದು ಮೊದಲಿಗಿಂತ ಗಟ್ಟಿಯಾಗಿ ಕೂತಿತು.

ಪಕ್ಕದ ಮನೆಯವರು ಬಂದು, ಗ್ಯಾಸ್ ಬೆಂಕಿ ಕೊಡಿ ಎಂದರು. ಬೇರಿಂಗಿನ ಗ್ರೀಸು, ಆಯಿಲ್ ಸೀಲು ಎಲ್ಲ ಸುಟ್ಟುಹೋಗುತ್ತದೆ ಎಂದು ಅಜ್ಜಯ್ಯ ಒಪ್ಪಲಿಲ್ಲ. ಇನ್ನೊಬ್ಬರು ಉಳಿಯಿಂದ ನಟ್ಟನ್ನೇ ಸೀಳಿಬಿಡಿ ಎಂದರು. (ಹೇಳುವುದಕ್ಕೆ ಬಹಳ ಜನ ಬಂದಿದ್ದರು, ಪೈಪು ಹಿಡಿಯುವುದಕ್ಕೆ ಯಾರೂ ಇರಲಿಲ್ಲ.) ಸಂಜೆ ಆರು ಗಂಟೆಗೆ ಅಪ್ಪ ಪೂರ್ತಿ ಜೋರು ಹಾಕಿ ಒತ್ತಿದಾಗ ಪಾನಾ ಜಾರಿ, ಅವರ ಕೈ ಮಡ್‌ಗಾರ್ಡಿಗೆ ಬಡಿದು ಬೆರಳ ಗೆಣ್ಣುಗಳ ಚರ್ಮ ಕಿತ್ತುಬಂತು. ಅಪ್ಪನಿಗೆ ಸಿಟ್ಟು ಬಂತು. "ಇನ್ನು ಸಾಕು ಅಪ್ಪಯ್ಯ! ನಿಮ್ಮ ಮಾತು ಕೇಳಿ ಕೇಳಿ ಒಂದು ದಿನ ಹಾಳಾಯ್ತು. ನಿಮಗೂ ವಯಸ್ಸಾಯ್ತು, ಅದಕ್ಕೂ ವಯಸ್ಸಾಯ್ತು" ಎಂದರು.

ಅಜ್ಜಯ್ಯ ಏನೂ ಹೇಳಲಿಲ್ಲ. ಕುರ್ಚಿಯಿಂದ ಏಳಲು ನಾನು ಕೈ ಕೊಟ್ಟೆ, ಹಿಡಿಯಲಿಲ್ಲ. ರಾತ್ರಿ ಹಸಿವಿಲ್ಲ ಎಂದು ಮಜ್ಜಿಗೆ ಕುಡಿದು ಮಲಗಿದರು. ಅಪ್ಪನೂ ಸರಿಯಾಗಿ ಊಟ ಮಾಡಲಿಲ್ಲ. ಇಬ್ಬರ ಮಧ್ಯೆ ಅಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು.

ನನಗೆ ನಿದ್ದೆ ಬರಲಿಲ್ಲ. ಟಾರ್ಚ್ ತಗೊಂಡು ಶೆಡ್ಡಿಗೆ ಹೋದೆ. ನಾಯಿಯೂ ಜೊತೆಗೆ ಬಂತು. ನಟ್ಟಿನಿಂದ ಹೊರಗೆ ಆಕ್ಸಲಿನ ತುದಿ ಸ್ವಲ್ಪ ಚಾಚಿಕೊಂಡಿತ್ತು. ಅದಕ್ಕೆ ಮೆತ್ತಿದ್ದ ಗ್ರೀಸು, ಮಣ್ಣನ್ನು ಸುಮ್ಮನೆ ಬಟ್ಟೆಯಿಂದ ಒರೆಸುತ್ತಾ ಕೂತೆ. ಥ್ರೆಡ್ಡಿನ ಗೆರೆಗಳು ಕಂಡವು. ಸುತ್ತಲೂ ಇದ್ದ ಚಕ್ರದ ಬೋಲ್ಟುಗಳ ತುದಿಯಲ್ಲೂ ಗೆರೆಗಳಿದ್ದವು. ನೋಡುತ್ತೇನೆ, ಚಕ್ರದ ಬೋಲ್ಟಿನ ಗೆರೆ ಒಂದು ಕಡೆಗೆ ಓರೆ, ಆಕ್ಸಲಿನ ಗೆರೆ ಇನ್ನೊಂದು ಕಡೆಗೆ ಓರೆ! ಒಂದೇ ಚಕ್ರದಲ್ಲಿ ಎರಡು ತರಹ. ಬಲಗಡೆಗೆ ಓಡಿ ಹೋಗಿ ನೋಡಿದೆ. ಅಲ್ಲಿ ಆಕ್ಸಲ್ಲೂ ಬೋಲ್ಟೂ ಒಂದೇ ಓರೆ. ತಗಡಿನ ಡಬ್ಬಿಯಲ್ಲಿದ್ದ ಮಾಮೂಲಿ ಬೋಲ್ಟ್ ಒಂದನ್ನು ತಂದು ಎಡಗಡೆ ಆಕ್ಸಲಿನ ಪಕ್ಕ ಹಿಡಿದೆ. ಎರಡೂ ಒಂದೇ. ಅಂದರೆ ಈ ನಟ್ಟು ಉಲ್ಟಾ ಅಲ್ಲವೇ ಅಲ್ಲ. ನಾವು ಬೆಳಗ್ಗೆಯಿಂದ ಅದನ್ನು ಬಿಚ್ಚುತ್ತಿರಲಿಲ್ಲ, ಬಿಗಿಯುತ್ತಿದ್ದೆವು. ಮಧ್ಯಾಹ್ನ ನಾನು ಕುಣಿದಾಡಿದ್ದು ಬಿಗಿದದ್ದಕ್ಕೆ.

ಗೊತ್ತಾದಾಗ ಒಂದು ಕ್ಷಣ ಬಹಳ ಖುಷಿಯಾಯಿತು. ಆಮೇಲೆ ಹೊಟ್ಟೆಯಲ್ಲಿ ಏನೋ ಒಂದು ತರಹ ಆಯಿತು. ಅಪ್ಪನಿಗೆ ಹೇಳಿದರೆ, ನೋಡಿದೆಯಾ ಮುದುಕರ ನೆನಪು ಅಂದರೆ ಇಷ್ಟೇ ಅನ್ನುತ್ತಾರೆ. ಅಜ್ಜಯ್ಯನಿಗೆ ಉಳಿದಿರುವುದು ಆ ನೆನಪೊಂದೇ. ಕೈ ಮೊದಲೇ ಹೋಗಿದೆ. ಯಾರಿಗೂ ಹೇಳದೆ ನಾನೇ ಬಿಚ್ಚಿಬಿಡೋಣ ಎಂದು ಪೈಪು ಹಾಕಿ ಹತ್ತಿ ನಿಂತೆ. ನನ್ನ ತೂಕ 34 ಕಿಲೋ. ನಟ್ಟು ಅಲುಗಾಡಲಿಲ್ಲ, ಪೈಪು ಜಾರಿ ನಾನು ಬಿದ್ದೆ, ನಾಯಿ ಬೊಗಳಿತು.

ಬೆಳಗ್ಗೆ ಅಪ್ಪ ಡೈರಿಗೆ ಹಾಲು ಹಾಕಲು ಹೋದಾಗ ಅಜ್ಜಯ್ಯನ ಹತ್ತಿರ ಹೋದೆ. ನೀವು ಹೇಳಿದ್ದು ತಪ್ಪು ಎನ್ನಲು ಬಾಯಿ ಬರಲಿಲ್ಲ. "ಅಜ್ಜಯ್ಯ, ಒಂಚೂರು ಈ ಥ್ರೆಡ್ ನೋಡಿ ಬನ್ನಿ" ಎಂದೆ. ಬಂದರು. ಕನ್ನಡಕ ಹಾಕಿಕೊಂಡು ಬಗ್ಗಿದರು. ಎಡಗೈ ಉಗುರಿನಿಂದ ಥ್ರೆಡ್ಡಿನ ಗೆರೆ ಹಿಡಿದು ನಿಧಾನಕ್ಕೆ ಸುತ್ತ ಹೋದರು. ಎರಡು ಸಲ ಹೋದರು. ಆಮೇಲೆ ಕಲ್ಲಿನ ಮೇಲೆ ಕೂತುಕೊಂಡರು.

"ಚಕ್ರದ ನಟ್ಟು ಉಲ್ಟಾ" ಎಂದರು. "ಚಕ್ರ ಉರುಳೋವಾಗ ಸಡಿಲ ಆಗ್ಬಾರ್ದು ಅಂತ ಎಡಗಡೆ ಹಂಗೆ ಮಾಡಿರೋದು. ಇದಕ್ಕೆ ಪಿನ್ನಿದೆಯಲ್ಲ, ಇದಕ್ಯಾಕೆ ಉಲ್ಟಾ? ಇದು ಮಾಮೂಲಿ. ಹತ್ತು ಸಲ ನಾನೇ ಬಿಚ್ಚಿದೀನಿ ಮಾರಾಯ, ಹತ್ತು ಸಲ." ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಅವರ ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. "ನಿಮ್ಮಪ್ಪನಿಗೆ ಹೇಳ್ಬೇಡ" ಎಂದರು. ನಾನು ಆಗಲಿ ಎಂದೆ.

ಈಗ ನಟ್ಟು ಮೊದಲಿಗಿಂತ ಬಿಗಿ. ಎಳೆಯಲು ಅಪ್ಪನೂ ಇಲ್ಲ. ಇದ್ದದ್ದು ನಾನು ಮತ್ತು ಒಂದು ಕೈಯ ಅಜ್ಜಯ್ಯ. ಅವರು ಯೋಚನೆ ಮಾಡಿ, "ಆಯಿಲ್ ಜಾಕಿ ತಗೊಂಡ್ಬಾ" ಎಂದರು. ಪೈಪನ್ನು ಮತ್ತೆ ಹಿಂದಿನ ಕಡೆಗೇ ಚಾಚಿಸಿದರು. ಅದರ ತುದಿಯ ಕೆಳಗೆ ಚಪ್ಪಡಿ ಕಲ್ಲು ಇಟ್ಟು, ಅದರ ಮೇಲೆ ಜಾಕಿ ಇಡಿಸಿದರು. ನಿನ್ನೆ ನಾವು ಪೈಪನ್ನು ಕೆಳಕ್ಕೆ ಒತ್ತಿದ್ದು ಬಿಗಿಯುವ ಕಡೆ. ಅದನ್ನೇ ಮೇಲಕ್ಕೆ ಎತ್ತಿದರೆ ಬಿಚ್ಚುವ ಕಡೆ! ಜಾಕಿಯೂ ಬ್ರೇಕಿನ ಹಾಗೆ ಪಾಸ್ಕಲನ ನಿಯಮದ್ದೇ. ಸಣ್ಣ ಕೈಪಿಡಿ ಆಡಿಸಿದರೆ ದೊಡ್ಡ ಭಾರ ಏಳುತ್ತದೆ. ಆಡಿಸಲು ಒಂದು ಕೈ ಸಾಕು. ನಟ್ಟಿನ ಆರೂ ಮುಖಗಳಿಗೆ ನನ್ನಿಂದ ಸುತ್ತಿಗೆಯಲ್ಲಿ ಚಿಕ್ಕ ಚಿಕ್ಕ ಏಟು ಹಾಕಿಸಿದರು, ತುಕ್ಕು ಬಿಡಲಿ ಎಂದು. ಆಮೇಲೆ ನನ್ನನ್ನು ಬಾನೆಟ್ಟಿನ ಮುಂದೆ ದೂರ ನಿಲ್ಲಿಸಿದರು. ಪಾನಾ ಜಾರಿದರೆ ಪೈಪು ಹಾರುತ್ತದಂತೆ. ಗೆಳೆಯರೇ, ಇದನ್ನು ದೊಡ್ಡವರಿಲ್ಲದೆ ಯಾರೂ ಮಾಡಬೇಡಿ.

ಅಜ್ಜಯ್ಯ ಪಕ್ಕಕ್ಕೆ ಸರಿದು ಕೂತು, ಎಡಗೈಯಲ್ಲಿ ಜಾಕಿ ಆಡಿಸಿದರು. ಒಂದು. ಎರಡು. ಪೈಪು ಬಿಲ್ಲಿನ ಹಾಗೆ ಬಾಗಿತು. ಸ್ವಲ್ಪ ನಿಲ್ಲಿಸಿದರು. ಮತ್ತೆ ಆಡಿಸಿದರು. ಕಿರ್ ಎಂದಿತು. ನಾನು ಕಿವಿ ಮುಚ್ಚಿಕೊಂಡೆ. "ಠಣ್!" ಎಂದು ಕೋವಿ ಹೊಡೆದ ಹಾಗೆ ಸದ್ದು. ಕೊಟ್ಟಿಗೆಯಲ್ಲಿ ದನಗಳೆಲ್ಲ ಎದ್ದು ನಿಂತವು. ಅಮ್ಮ ಓಡಿ ಬಂದಳು. ಪೈಪು ಮಾತ್ರ ಸುಮ್ಮನೆ ಜಾಕಿ ಮೇಲೆ ಒರಗಿತ್ತು. ಪಾನಾ ಹಿಡಿದು ತಿರುಗಿಸಿದೆ. ಬಂತು! ನನ್ನ ಕೈಗೇ ಬಂತು!

"ಪೂರ್ತಿ ಬಿಚ್ಬೇಡ, ಎರಡು ಸುತ್ತು ಇರ್ಲಿ" ಎಂದು ಅಜ್ಜಯ್ಯ ಕೂಗಿದರು. ಹಬ್ಬನ್ನು ಪುಲ್ಲರ್ ಹಾಕಿ ಎಳೆದಾಗ ಅದು ಒಮ್ಮೆಲೇ ಬಿಟ್ಟುಕೊಂಡು ಎದೆಗೆ ಬಂದು ಬಡಿಯುತ್ತದೆ, ನಟ್ಟು ಇದ್ದರೆ ಅಲ್ಲೇ ತಡೆಯುತ್ತದೆ. ಪುಲ್ಲರನ್ನು ಅಪ್ಪ ಪೇಟೆಯಿಂದ ಬಾಡಿಗೆಗೆ ತಂದರು. ಒಳಗೆ ನೋಡಿದರೆ ಸಿಲಿಂಡರಿನ ರಬ್ಬರ್ ಹರಿದಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಅದರಿಂದ ಒಳಗೆಲ್ಲ ತುಕ್ಕು. ಶೂಗಳ ಲೈನಿಂಗ್ ಆಯಿಲಿನಲ್ಲಿ ನೆನೆದು ಹೋಗಿತ್ತು. ಹಳೇ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರಬಹುದು, ಊದಬಾರದು, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಹೊಸ ಸಿಲಿಂಡರು, ಹೊಸ ಲೈನಿಂಗು ಹಾಕಿದ್ದು, ಪೈಪಿನ ಗಾಳಿ ತೆಗೆದದ್ದು ಎಲ್ಲ ಬರೆದರೆ ಮೇಷ್ಟ್ರು ಇನ್ನೊಂದು ಹಾಳೆ ಕೊಡುವುದಿಲ್ಲ. ನಟ್ಟು ವಾಪಸ್ ಬಿಗಿಯುವಾಗ ಒಂದು ವಿಷಯ ಇದೆ: ಪಿನ್ನಿನ ತೂತು ಕಚ್ಚಿಗೆ ಸರಿಯಾಗಿ ಬರದಿದ್ದರೆ ಇನ್ನೂ ಬಿಗಿ ಮಾಡಿ ಸರಿ ಮಾಡಬೇಕು, ಸಡಿಲ ಮಾಡಿ ಅಲ್ಲ. ಪಿನ್ನು ಹೊಸದೇ ಹಾಕಬೇಕು.

ಅಪ್ಪ ಡೈರಿಯಿಂದ ಬಂದು, "ಹೆಂಗೆ ಬಂತು?" ಎಂದು ಕೇಳಿದ್ದರು. "ಅಜ್ಜಯ್ಯ ಜಾಕಿ ಇಟ್ಟು ತೆಗೆದರು" ಎಂದೆ. ಅದು ಸುಳ್ಳಲ್ಲ. ಆದರೂ ನಾಲ್ಕು ದಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಇತ್ತು.

ಆಯುಧಪೂಜೆಯ ದಿನ ಜೀಪಿಗೆ ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಅಪ್ಪ ಎಡಗಡೆ ಹಿಂದಿನ ಚಕ್ರದ ಹತ್ತಿರ ಬಗ್ಗಿದ್ದಾಗ ಅಜ್ಜಯ್ಯ ಇದ್ದಕ್ಕಿದ್ದ ಹಾಗೆ, "ಅವತ್ತು ನಾನು ತಪ್ಪು ಹೇಳಿದ್ದೆ. ಅದು ಉಲ್ಟಾ ಥ್ರೆಡ್ ಅಲ್ಲ. ಪುಟ್ಟ ಕಂಡುಹಿಡಿದಿದ್ದು" ಎಂದರು. ಅಪ್ಪ ನಿಂಬೆಹಣ್ಣು ಇಟ್ಟು ನಿಧಾನಕ್ಕೆ ಎದ್ದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಪ್ಪ ಗೆಣ್ಣಿನ ಗಾಯ ನೋಡಿಕೊಂಡು, "ನಾನೂ ಇಪ್ಪತ್ತು ವರ್ಷದಿಂದ ಓಡಿಸ್ತೀನಿ. ನನಗೂ ಗೊತ್ತಾಗ್ಲಿಲ್ವಲ್ಲ ಅಪ್ಪಯ್ಯ" ಎಂದರು. ಇಬ್ಬರೂ ಅಷ್ಟೇ ಮಾತಾಡಿದ್ದು.

ಇದನ್ನು ಗೋಡೆ ಪತ್ರಿಕೆಗೆ ಬರೆಯಲಾ ಎಂದು ಅಜ್ಜಯ್ಯನನ್ನು ಕೇಳಿದೆ. "ಬರಿ. ಚಕ್ರದ ನಟ್ಟು ಉಲ್ಟಾ, ಆಕ್ಸಲ್ ನಟ್ಟು ಮಾಮೂಲಿ ಅಂತ ದಪ್ಪ ಅಕ್ಷರದಲ್ಲಿ ಬರಿ" ಎಂದರು. ದಪ್ಪ ಪೆನ್ನು ಹೆಡ್‌ಮೇಷ್ಟ್ರ ಹತ್ತಿರ ಇದೆ, ಕೇಳಬೇಕು.

ಪೂಜೆ ಆದ ಮೇಲೆ ಅಪ್ಪ ಜೀಪನ್ನು ಕೆರೆ ಏರಿಯ ಅದೇ ಇಳಿಜಾರಿಗೆ ತಗೊಂಡು ಹೋದರು. ಮುಂದಿನ ಸೀಟಿನಲ್ಲಿ ಅಜ್ಜಯ್ಯ, ಹಿಂದೆ ನಾನು. ಅರ್ಧ ಇಳಿದಾಗ ಅಪ್ಪ ಬ್ರೇಕ್ ಒತ್ತಿದರು. ಜೀಪು ನಿಂತಿತು. ಅಜ್ಜಯ್ಯ ಮುಂದೆ ನೋಡುತ್ತಲೇ, "ಇನ್ನೊಂದ್ಸಲ" ಎಂದರು. ಸ್ವಲ್ಪ ಇಳಿದು ಮತ್ತೆ ಒತ್ತಿದರು. ಮತ್ತೆ ನಿಂತಿತು. "ಇನ್ನೊಂದ್ಸಲ" ಎಂದರು.